ಹರಕೆ ಬಾಕಿ ಇಟ್ಟ ಕಾದಂಬರಿ

ಒಂದು ಪುಸ್ತಕ ಬರೆದು ಬಂಟ್ವಾಳದಂಥ ಊರಿನಲ್ಲಿ ಬದುಕುವವನನ್ನು ಯಾರೂ ಸುಮ್ಮನೆ ಬಸ್ಸು ಹತ್ತಲು ಬಿಡುವುದಿಲ್ಲ. ನಾನು ಶಾಲಾ ಮಾಸ್ತರ. ಐವತ್ತರ ದಶಕದ ಕೊನೆಗೆ ಒಂದು ಕಾದಂಬರಿ ಬರೆದು ಮಂಗಳೂರಿನಲ್ಲಿ ಅಚ್ಚು ಹಾಕಿಸಿದೆ. ಕತೆ ಇಷ್ಟೆ: ನೆರೆಯಲ್ಲಿ ಅಕ್ಕಿ ದೋಣಿ ಮಗುಚಿ ಒಬ್ಬ ನೇತ್ರಾವತಿಯ ನಡುವಿನ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಒಂಟಿಯಾಗಿ ಸಿಕ್ಕಿಬೀಳುತ್ತಾನೆ. ಹಸಿ ಗೆಣಸು ತಿಂದು, ದೇವರನ್ನು ಕೂಗಿ, ಬದುಕಿ ಉಳಿದರೆ ತನ್ನ ತೂಕದಷ್ಟು ತೆಂಗಿನಕಾಯಿಯ ತುಲಾಭಾರ ಒಪ್ಪಿಸುತ್ತೇನೆ ಎಂದು ಹರಕೆ ಹೇಳಿಕೊಳ್ಳುತ್ತಾನೆ. ಕಡೆಗೆ ಈಜಿ ದಡ ಸೇರಿ ತನ್ನ ಮನೆಯ ಬಾಗಿಲು ತಟ್ಟುತ್ತಾನೆ. ಅಲ್ಲಿಗೆ ಮುಗಿಯಿತು. ಅವನನ್ನು ಉಳಿಸಿದ್ದು ದೇವರೋ ತೋಳೋ ಎಂದು ನಾನು ಹೇಳಲಿಲ್ಲ. ಹೇಳದೆ ಬಿಟ್ಟದ್ದೇ ದೊಡ್ಡ ಕಲೆ ಎಂದು ಆಗ ನನಗೆ ಜಂಬ.

ಮೂರು ಊರಿನವರು ಮೂರು ಮಾತು ಆಡಿದರು. ನನಗೆ ಬೇಕಾಗಿದ್ದದ್ದು ಮಾತ್ರ ಬೆಳ್ತಂಗಡಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮನ ಒಂದು ಮಾತು. "ಒಳ್ಳೆದುಂಟು ಮಗಾ" ಎಂದಿದ್ದರೆ ಸಾಕಿತ್ತು.

ಬಂಟ್ವಾಳ: ಮೂಟೆ ಎಂತ ಆಯ್ತು?

ಪೇಟೆಯಲ್ಲಿ ಅಕ್ಕಿ ವ್ಯಾಪಾರದ ಬ್ಯಾರಿ ಸಾಹುಕಾರರೊಬ್ಬರಿದ್ದರು. ಮಳೆಗಾಲ ಬಂತೆಂದರೆ ಹೊಳೆ ಅವರ ಅಂಗಡಿಯೊಳಗೆ ಬರುತ್ತಿತ್ತು. ಒಮ್ಮೆ ಮೂಟೆಗಳನ್ನೆಲ್ಲ ಅಟ್ಟಕ್ಕೆ ಏರಿಸಿ, ಅವುಗಳ ಮೇಲೆಯೇ ಕೂತು ನನ್ನ ಪುಸ್ತಕ ಓದಿ ಮುಗಿಸಿದರಂತೆ. ನೀರು ಇಳಿದ ಮೇಲೆ ನನ್ನನ್ನು ರಸ್ತೆಯಲ್ಲೇ ಹಿಡಿದರು.

"ಮಾಸ್ಟ್ರೆ, ಅವನು ಬದುಕಿದ, ಸಂತೋಷ. ದೇವರು ದೊಡ್ಡವನು. ದೋಣಿಯಲ್ಲಿ ಅಕ್ಕಿ ಮೂಟೆ ಇತ್ತಲ್ಲ, ಅದು ಎಂತ ಆಯ್ತು?"

"ಮುಳುಗಿತು ಸಾಹುಕಾರ್ರೆ."

"ಯಾರ ಅಕ್ಕಿ?"

ನಾನು ತಡವರಿಸಿದೆ. "ಯಾರೋ ಒಬ್ಬ ವ್ಯಾಪಾರಿಯದ್ದು."

ಅವರ ಮುಖ ಬಾಡಿತು. "ಮೊದಲಿನಿಂದ ಕೊನೆಯವರೆಗೆ ಆ ಪಾಪದವನ ಬಗ್ಗೆ ಒಂದು ಸಾಲು ಬರೆಯಲಿಲ್ಲ ನೀವು! ಅವನೂ ಆ ರಾತ್ರಿ ದೇವರನ್ನು ಕರೆದಿರಲಿಕ್ಕಿಲ್ಲವಾ?"

ಆಗ ನಗು ತಡೆದುಕೊಂಡು ಬಂದೆ. ಸಾಹುಕಾರರು ತೀರಿಹೋಗಿ ಎಷ್ಟೋ ಕಾಲವಾಯಿತು. ಆ ವ್ಯಾಪಾರಿಗೆ ಅರ್ಧ ಪುಟವಾದರೂ ಕೊಡಬೇಕಿತ್ತು ಎಂದು ಈಗ ಅನಿಸುತ್ತದೆ.

ಮೂಡುಬಿದಿರೆ: ದೇವರ ಪಕ್ಷ, ತೋಳಿನ ಪಕ್ಷ

ಮೂಡುಬಿದಿರೆಯ ಒಂದು ವಾಚನಾಲಯದವರು ಕಾದಂಬರಿಯ ಮೇಲೆ ಚರ್ಚೆ ಇಟ್ಟು ನನ್ನನ್ನೂ ಕರೆದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನಿವೃತ್ತ ಪೋಸ್ಟ್ ಮಾಸ್ಟರರು ದೇವರ ಪಕ್ಷ, ಹೊಸದಾಗಿ ಬಂದ ವಕೀಲರು ತೋಳಿನ ಪಕ್ಷ.

"ಪುಟ ಪುಟದಲ್ಲೂ ಪ್ರಾರ್ಥನೆ ಉಂಟು. ಇದು ಶುದ್ಧ ಭಕ್ತಿಯ ಗ್ರಂಥ" ಎಂದರು ಪೋಸ್ಟ್ ಮಾಸ್ಟರರು.

"ಎಲ್ಲಿ ಉಂಟು ಸ್ವಾಮೀ? ದೇವರ ಹೆಸರೇ ಇಲ್ಲ! ಅವನು ಈಜುವುದೇ ಈಜುವುದು" ಎಂದು ವಕೀಲರು ಮೇಜು ಗುದ್ದಿದರು.

ಸಭೆ ಎರಡು ಪಾಲಾಯಿತು. ನನಗೋ ಇವರು ನನ್ನ ಪುಸ್ತಕದ ಬಗ್ಗೆಯೇ ಮಾತಾಡುತ್ತಿದ್ದಾರೆಯೇ ಎಂದು ಅನುಮಾನ. ಪಕ್ಕದಲ್ಲಿ ಕೂತಿದ್ದ ವಾಚನಾಲಯದ ಮೇಲ್ವಿಚಾರಕ ಮೆಲ್ಲಗೆ ಹೇಳಿದ: "ನಿಮ್ಮ ಪುಸ್ತಕದ ಹೊಲಿಗೆ ಮೊದಲ ವಾರವೇ ಬಿಟ್ಟಿತು ಮಾರಾಯ್ರೆ. ಇರುವುದು ಒಂದೇ ಪ್ರತಿ, ಕೇಳುವವರು ತುಂಬ ಜನ. ಹಾಗೆ ಎರಡು ತುಂಡು ಮಾಡಿ ಕೊಟ್ಟೆ. ಪೋಸ್ಟ್ ಮಾಸ್ಟರರಿಗೆ ಮೊದಲಿನ ಅರ್ಧ ಹೋಯಿತು, ವಕೀಲರಿಗೆ ಕೊನೆಯ ಅರ್ಧ."

ಸಭೆ ಮುಗಿದ ಮೇಲೆ ಇಬ್ಬರಿಗೂ ಕೈಮುಗಿದು, ತುಂಡು ಬದಲಾಯಿಸಿಕೊಂಡು ಓದಿ ಎಂದು ಬೇಡಿಕೊಂಡೆ.

"ಭಾಷಣ ಮಾಡಿ ಆಯ್ತಲ್ಲ ಮಾಸ್ಟ್ರೆ. ಇನ್ನು ಓದಿ ಅಭಿಪ್ರಾಯ ಯಾಕೆ ಹಾಳು ಮಾಡಿಕೊಳ್ಳುವುದು?" ಎಂದರು ಪೋಸ್ಟ್ ಮಾಸ್ಟರರು. ಅದೊಂದು ವಿಷಯದಲ್ಲಿ ವಕೀಲರೂ ಅವರ ಪಕ್ಷ ಸೇರಿದರು. ಎರಡೂ ತುಂಡು ಓದಿದವನು ಮೇಲ್ವಿಚಾರಕ ಒಬ್ಬನೇ. ಅವನಿಗೆ ಹೇಗೆ ಕಂಡಿತು ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ.

ಬೆಳ್ತಂಗಡಿ: ಅಮ್ಮನ ಅಭಿಪ್ರಾಯ

ನಾನು ಸಣ್ಣವನಿದ್ದಾಗ ಅಪ್ಪ ಅಕ್ಕಿ ದೋಣಿಯಲ್ಲಿ ಮಂಗಳೂರಿಗೆ ಹೋದವರು ನೆರೆಗೆ ಸಿಕ್ಕಿ ಮರಳಲಿಲ್ಲ. ಅವರು ಬಂದರೆ ತುಲಾಭಾರ ಮಾಡಿಸುತ್ತೇನೆ ಎಂದು ಅಮ್ಮ ಹರಕೆ ಹೇಳಿಕೊಂಡಿದ್ದಳು. ಬಾರದ ಮೇಲೆ ತೀರಿಸುವ ಮಾತೇ ಬರಲಿಲ್ಲ. ಕಾದಂಬರಿಗೆ ನಾನು ಅದೇ ಹರಕೆ ಹಾಕಿದೆ, ದೋಣಿಯವನನ್ನು ಮಾತ್ರ ಮನೆಗೆ ತಲುಪಿಸಿದೆ.

ಅಮ್ಮನಿಗೆ ಓದು ಬಾರದು. ಅಣ್ಣನ ಮಗಳು ಓದಿ ತುಳುವಿನಲ್ಲಿ ಹೇಳಿದಳು. ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ಅಮ್ಮ ಬದುಕಿರುವವರೆಗೂ ಹೇಳಲಿಲ್ಲ. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಅವನು ಹರಕೆ ತೀರಿಸಿದನಾ?"

"ಅದು ಕತೆ ಅಮ್ಮ."

"ಅವನು ಕತೆಯವನು, ಸರಿ. ದೇವರೂ ಕತೆಯವನಾ? ಮನೆಗೆ ಬಂದಾಯ್ತಲ್ಲ, ತೀರಿಸಬೇಡವಾ?"

"ಎರಡನೆಯ ಮುದ್ರಣದಲ್ಲಿ ಸೇರಿಸ್ತೇನೆ."

"ಮೊದಲಿನದ್ದು ಮುಗಿಯಿತಾ?"

"ಇಲ್ಲ. ಮಂಚದಡಿ ಉಂಟು."

"ಅದು ಮುಗಿಯುವವರೆಗೆ ದೇವರು ಕಾಯಬೇಕಾ?"

ಒಂದು ಬೇಸಗೆ ರಜೆಗೆ ಹೋದಾಗ ದೋಣಿಯವನ ಹರಕೆಯ ತೆಂಗಿನಕಾಯಿ ಆಗಲೇ ದೇವಸ್ಥಾನ ಸೇರಿತ್ತು. ತಕ್ಕಡಿಯಲ್ಲಿ ಕೂರಲು ಒಬ್ಬ ಬೇಕಲ್ಲ, ಬರೆದವನೇ ಕೂರಲಿ ಎಂದು ಅಮ್ಮ ತೀರ್ಮಾನಿಸಿಯಾಗಿತ್ತು. ನಾಚಿಕೆಯಿಂದ ಮುದುಡಿ ಕೂತೆ. ಭಟ್ಟರು ಸಂಕಲ್ಪಕ್ಕೆ ಹೆಸರು ಕೇಳಿದರು. ಕಾದಂಬರಿಯ ದೋಣಿಯವನ ಹೆಸರು ಹೇಳಿದೆ.

"ನಕ್ಷತ್ರ?"

ಅದನ್ನು ನಾನು ಬರೆದಿರಲಿಲ್ಲ. ಹಿಂದಿನಿಂದ ಅಮ್ಮ ಥಟ್ಟನೆ "ಸ್ವಾತಿ" ಅಂದಳು. ಅಪ್ಪನ ನಕ್ಷತ್ರ.

ಭಟ್ಟರು ಕಾಯಿ ಪೇರಿಸುತ್ತಾ ಬಂದರು. ತಕ್ಕಡಿ ಸಮ ನಿಂತಿತು. "ಸಾಕಮ್ಮ" ಎಂದು ಅವರು ಕೈ ಒರೆಸಿಕೊಂಡರೆ, ಅಮ್ಮ ಬುಟ್ಟಿಯಿಂದ ಕಾಯಿ ಎತ್ತಿ ಎತ್ತಿ ಇಡತೊಡಗಿದಳು. ಆ ತಟ್ಟೆ ನೆಲಕ್ಕೆ ಕೂತಿತು, ನಾನು ಮೇಲಕ್ಕೆ ಹೋದೆ. ಹಗ್ಗ ಹಿಡಿದು ತೂಗಾಡುತ್ತಿದ್ದ ಮಾಸ್ತರನನ್ನು ನೋಡಿ ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು.

"ಅಮ್ಮಾ, ಸಾಕು! ತೂಕ ಸರಿಯಾಗಿತ್ತು!" ಎಂದು ಅಲ್ಲಿಂದಲೇ ಕೂಗಿದೆ.

ಅಮ್ಮ ತಲೆ ಎತ್ತದೆ ಇನ್ನೊಂದು ಕಾಯಿ ಇಟ್ಟಳು. "ನಿನ್ನ ತೂಕ ಸರಿಯಾಯಿತು ಮಗಾ. ಅವರು ನಿನಗಿಂತ ಭಾರ ಇದ್ದರು."