ಮಾವನ ಕಂಪ್ಯೂಟರಿಗೆ ನಾನು ವೈಫೈ ಕೊಟ್ಟದ್ದು

ನಾನು ತುಮಕೂರಿನವನು; ಪಕ್ಕದ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಯಾವ ನಟ್ಟು ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದ್ದರಿಂದ ಪ್ರಪಂಚದಲ್ಲಿ ಯಾರು ಏನನ್ನು ಎಲ್ಲಿ ಇಟ್ಟರೂ ಅದು ನನ್ನ ಇಲಾಖೆಗೆ ಸೇರಿದ್ದು ಎಂಬುದು ನನ್ನ ದೃಢ ನಂಬಿಕೆ. ಈ ನಂಬಿಕೆಯ ಬಲದಿಂದಲೇ ಕುಣಿಗಲ್ಲಿನಲ್ಲಿರುವ ನನ್ನ ಮಾವನವರ ಕಂಪ್ಯೂಟರಿಗೆ ಕೈ ಹಾಕಿದೆ.

ಮಾವ ನಂಜುಂಡಪ್ಪನವರು ನಿವೃತ್ತ ಹೆಡ್‌ಮಾಸ್ಟರು. ಜಾತಕ ಕೂಡಿಸುವುದು ಅವರ ಹವ್ಯಾಸ. ಊರಿನಲ್ಲಿ ಯಾರೂ ಕಂಪ್ಯೂಟರ್ ಕಂಡಿರದ ಕಾಲದಲ್ಲೇ ಒಂದನ್ನು ತಂದು ಮಹಡಿಯ ಕೋಣೆಯಲ್ಲಿ ಸ್ಥಾಪಿಸಿದವರು. ಕಪ್ಪು ಪರದೆ, ಹಸಿರು ಅಕ್ಷರ, ಅಂಗೈಯಗಲದ ಚೌಕ ಫ್ಲಾಪಿಗಳು. ಇವತ್ತಿಗೂ ಸುತ್ತಮುತ್ತಲ ಜನ ಫೋನಿನಲ್ಲಿ ಜಾತಕ ನೋಡಿದರೂ ಕೊನೆಗೆ "ಮೇಷ್ಟ್ರ ಮಿಷಿನ್ ಏನ್ ಹೇಳ್ತದೆ?" ಎಂದು ಕೇಳಿಯೇ ಮುಂದುವರಿಯುತ್ತಾರೆ.

ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಹೆಣ್ಣು ನೋಡುವ ಮೊದಲೇ ಗುಟ್ಟಾಗಿ ಜಾತಕ ಕೂಡಿಸಬೇಕು. ಕೂಡದಿದ್ದರೆ "ಆಗಲ್ಲ" ಎನ್ನಬಾರದು. "ಮನೇಲಿ ಮಾತಾಡಿ ಹೇಳ್ತೀವಿ" ಎಂದು ಕಾಫಿ ಕುಡಿದು ಎದ್ದುಬಿಡಬೇಕು. ಎಷ್ಟು ಜನರನ್ನು ನೋಡಿದೆವು, ಯಾರನ್ನು ಯಾಕೆ ಬಿಟ್ಟೆವು ಎಂಬುದು ಗೋಡೆಗೂ ಗೊತ್ತಾಗಕೂಡದು. ಮಾವ ಆ ಗುಟ್ಟುಗಳನ್ನೆಲ್ಲ ಫ್ಲಾಪಿಯಲ್ಲಿ ಇಟ್ಟಿದ್ದರು. ಜೊತೆಗೆ ಪ್ರತಿ ಜಾತಕದ ಕೆಳಗೆ, ಹೆಡ್‌ಮಾಸ್ಟರ ಚಟ, ಎರಡು ಸಾಲಿನ ಷರಾ ಬರೆಯುತ್ತಿದ್ದರು.

ಈ ಸಲ ಜಾತಕ ಕೂಡಬೇಕಾಗಿದ್ದುದು ನನ್ನ ಮಗಳು ಸಹನಾಳದ್ದು. ಹುಡುಗ ಗುಬ್ಬಿಯವನು. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಪ್ಪಿಯೂ ಆಗಿತ್ತು. ಮಾವನ ಮನೆಯ ಕೆಳಗೆ ಜೆರಾಕ್ಸ್ ಅಂಗಡಿ ಇಟ್ಟಿರುವ ರುದ್ರೇಶನೇ ಹುಡುಗನ ಸೋದರಮಾವ; ಸಂಬಂಧ ತಂದವನೂ ಅವನೇ. ಮಿಷಿನ್ನು "ಸರಿ" ಎಂದರೆ ಎಲ್ಲ ಸರಿ. ಅಂಥ ಹೊತ್ತಿನಲ್ಲಿ ಮಿಷಿನ್ನಿನ ಫ್ಲಾಪಿ ಓದುವ ಡಬ್ಬಿ ಕೊರಕೊರ ಕೆಮ್ಮಿ ನಿಂತುಹೋಯಿತು!

ಮಾವ ಫೋನ್ ಮಾಡಿದರು. "ಅಳಿಯಂದ್ರೇ, ಫ್ಲಾಪಿಗೆಲ್ಲ ಬೂಷ್ಟು ಹಿಡಿದದೆ. ನಾನು ಕೈಯಲ್ಲೇ ಲೆಕ್ಕ ಹಾಕ್ಬುಡ್ಲಾ?"

"ಬ್ಯಾಡಿ ಮಾವ! ನಾನಿದೀನಿ!" ಎಂದೆ.

"ಅದೇ ನನಗೆ ಭಯ," ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜೆ.

ಸಹನಾ ಕೈ ಮುಗಿದಳು. "ಅಪ್ಪಾ, ಇದೊಂದು ಕೆಡಿಸ್ಬೇಡಪ್ಪ. ಪ್ಲೀಸ್." ಮಗಳಿಗೆ ನನ್ನ ಮೇಲಿರುವ ವಿಶ್ವಾಸ ಕಂಡು ಕಣ್ಣು ತುಂಬಿ ಬಂತು.

ಆನ್‌ಲೈನಿನಲ್ಲಿ ಎರಡು ವಸ್ತು ತರಿಸಿದೆ. ಒಂದು, ಫ್ಲಾಪಿ ಡಬ್ಬಿಯ ಜಾಗದಲ್ಲಿ ಕೂರುವ ಹೊಸ ಡಬ್ಬಿ. ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಹಳೆಯ ಕಂಪ್ಯೂಟರು ಅದನ್ನೇ ಫ್ಲಾಪಿ ಎಂದು ತಿಳಿಯುತ್ತದೆ. ಮುದುಕರಿಗೆ ಸಕ್ಕರೆ ಇಲ್ಲದ ಕಾಫಿಯನ್ನು ಸಕ್ಕರೆ ಕಾಫಿ ಎಂದು ನಂಬಿಸಿದ ಹಾಗೆ. ಇನ್ನೊಂದು, ಬೆನ್ನಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ವೈಫೈ ತುಂಡು. ಮಾವನ ಹಳೆಯ ಪ್ರಿಂಟರಿನ ರಿಬ್ಬನ್ ಒಣಗಿತ್ತು. ನಮ್ಮ ಮನೆಯ ಹೊಸ ಪ್ರಿಂಟರಿಗೆ ತಂತಿಯೇ ಇಲ್ಲದೆ ಜಾತಕ ಹಾರಿಬರಲಿ ಎಂಬುದು ನನ್ನ ಯೋಜನೆ.

ಫ್ಲಾಪಿಗಳನ್ನೆಲ್ಲ ತುಮಕೂರಿಗೆ ತಂದು, ಬೂಷ್ಟು ಒರೆಸಿ, ಗೆಳೆಯನೊಬ್ಬನ ಯಂತ್ರದಲ್ಲಿ ಒಂದೊಂದಾಗಿ ಪೆನ್‌ಡ್ರೈವಿಗೆ ಇಳಿಸಿದೆ. ಒಂದು ಅಕ್ಷರವೂ ಹೋಗಲಿಲ್ಲ. ಹೋದದ್ದು ಗಿರಿಜೆಯ ಭಜನೆಗಳು. ಅದು ಅವಳ ಪೆನ್‌ಡ್ರೈವ್ ಎಂದು ನನಗೇನು ಗೊತ್ತು?

"ನನ್ ದೇವ್ರ ಹಾಡೆಲ್ಲಾ ಅಳಿಸಿ ಗ್ರಹಗಳನ್ನ ತುಂಬಿದೀರಲ್ರೀ!" ಎಂದಳು.

"ಇದು ಶಾಶ್ವತ ಕಣೇ. ಇನ್ನು ಬೂಷ್ಟಿನ ಭಯವಿಲ್ಲ. ನೂರು ವರ್ಷ ಇರುತ್ತೆ," ಎಂದು ಸಮಾಧಾನ ಹೇಳಿದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಸಕುಟುಂಬ ಕುಣಿಗಲ್ಲಿಗೆ ಬಸ್ಸು ಹತ್ತಿದೆವು. ಹೊಸ ಡಬ್ಬಿ ಕೂರಿಸಿ ಸ್ವಿಚ್ ಒತ್ತಿದೆ. ದೀಪ ಹತ್ತಿತು! ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಹತ್ತಿದ ದೀಪ ಆರಲೇ ಇಲ್ಲ. ಪರದೆಯೂ ಬಾಯಿ ಬಿಡಲಿಲ್ಲ. ಊಟದ ಹೊತ್ತಿನವರೆಗೆ ಇದು ಕಂಪ್ಯೂಟರಿನ ವಯಸ್ಸಿನ ದೋಷ ಎಂದು ವಿವರವಾಗಿ ಉಪನ್ಯಾಸ ಕೊಟ್ಟೆ. ಆಮೇಲೆ ಸಹನಾ ಬಗ್ಗಿ ನೋಡಿ, "ಅಪ್ಪಾ, ಈ ಪಟ್ಟಿ ವೈರು ಉಲ್ಟಾ ಹಾಕಿದೀಯ," ಎಂದಳು. ತಿರುಗಿಸಿ ಹಾಕಿದ್ದೇ ತಡ, ಮಿಷಿನ್ನು ಎದ್ದು ಕೂತಿತು.

ಮಾವ ಕನ್ನಡಕ ಏರಿಸಿ ಗುಬ್ಬಿ ಹುಡುಗನ ಜಾತಕ ತುಂಬಿದರು. ಲೆಕ್ಕವಾಯಿತು. ಹಸಿರು ಅಕ್ಷರದಲ್ಲಿ "ಉತ್ತಮ" ಎಂದು ಬಂತು! ಸಹನಾಳ ಮುಖ ಅರಳಿತು. ಮಾವ ಎಂದಿನಂತೆ ಕೆಳಗೆ ಷರಾ ಕುಟ್ಟಿದರು. "ಕೂಡ್ತು ಬುಡಿ. ಇನ್ನೇನ್ ಬೇಕು?" ಎಂದರು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ದೊಡ್ಡ ಮನುಷ್ಯನಾಗುತ್ತಿದ್ದೆ. ಆದರೆ ಜಾತಕದ ಹಾಳೆಗೆ ಅರಿಶಿನ ಹಚ್ಚಿ ದೇವರ ಮುಂದಿಡಬೇಕಲ್ಲ? ವೈಫೈ ತುಂಡು ಸಿಕ್ಕಿಸಿದೆ. ಮಾವನ ಮನೆಯಲ್ಲಿ ವೈಫೈ ಇರಲಿಲ್ಲ. ಕೆಳಗಿಳಿದು ರುದ್ರೇಶನನ್ನು ಕೇಳಿದೆ.

"ತಗಳಿ ಸಾರ್, ನಾವೂ ನೀವೂ ಬ್ಯಾರೆನಾ?" ಎಂದು ಪಾಸ್‌ವರ್ಡ್ ಕೊಟ್ಟ. ನಮ್ಮ ಪ್ರಿಂಟರನ್ನೂ ಅದೇ ವೈಫೈಗೆ ಸೇರಿಸಿದೆ. ಫೋನಿನಲ್ಲಿ ನೋಡಿದರೆ ಎರಡು ಪ್ರಿಂಟರುಗಳ ಹೆಸರು ಬಂದವು. ಎರಡೂ ಒಂದೇ ಕಂಪನಿಯವು, ಬಾಲದ ಅಂಕಿ ಮಾತ್ರ ಬೇರೆ. ಸ್ಟೋರ್ಸಿನವನ ಧೈರ್ಯದಿಂದ ಮೊದಲನೆಯದನ್ನು ಆರಿಸಿದೆ.

ಪ್ರಿಂಟ್ ಒತ್ತಿದೆ. ಮೇಜಿನ ಮೇಲಿದ್ದ ನಮ್ಮ ಪ್ರಿಂಟರ್ ತಪಸ್ಸಿಗೆ ಕೂತಂತೆ ಕೂತಿತ್ತು. ಮತ್ತೆ ಒತ್ತಿದೆ. ಊಹೂಂ. "ಹಳೇ ಮಿಷಿನ್ನು, ಕಿವಿ ಮಂದ," ಎಂದು ಹೇಳಿ, ಸ್ವಲ್ಪ ಗಟ್ಟಿಯಾದ ಆಜ್ಞೆ ಕೊಡೋಣವೆಂದು 'ಎಲ್ಲವನ್ನೂ ಮುದ್ರಿಸು' ಎಂಬುದನ್ನು ಒತ್ತಿದೆ. ಕೆಳಗಿನಿಂದ ಗುಂಪಾಗಿ ನಗುವ ಸದ್ದು ಕೇಳಿತು. ಭಾನುವಾರವೂ ಈ ರುದ್ರೇಶನಿಗೆ ಎಂಥ ವ್ಯಾಪಾರ ಎಂದು ನನ್ನ ಹೊಟ್ಟೆ ಉರಿಯಿತು.

ಸ್ವಲ್ಪ ಹೊತ್ತಿಗೆ ರುದ್ರೇಶ ಮೆಟ್ಟಿಲು ಹತ್ತಿ ಬಂದ. ಎದೆಗವಚಿಕೊಂಡಿದ್ದ ಹಾಳೆಗಳ ಕಟ್ಟು ಇನ್ನೂ ಬಿಸಿಯಾಗಿತ್ತು.

"ಮೇಷ್ಟ್ರೇ, ನಮ್ ಮಿಷಿನ್ ನಿಲ್ತಾನೇ ಇಲ್ಲ! ಆಧಾರ್ ಜೆರಾಕ್ಸ್‌ಗೆ ಬಂದೋರೆಲ್ಲಾ ನಿಮ್ ಜಾತ್ಕ ಓದ್ಕಂಡ್ ನಿಂತವ್ರೆ! ಪಕ್ಕದ್ ಬೀದಿ ಅಂಗ್ಡಿ ಶಿವಣ್ಣಂದು ಅವನೆದುರಿಗೇ ಬಂತು. 'ಹುಡುಗ ಸೋಮಾರಿ, ಅಂಗಡಿ ಉಳಿಯುವುದಿಲ್ಲ' ಅಂತ ಬರ್ದಿದೀರಿ!"

"ಉಳೀತಾ?" ಎಂದರು ಮಾವ ಶಾಂತವಾಗಿ.

"ಇಲ್ಲ ಬುಡಿ, ಮುಚ್ಚೋಯ್ತು. ಅದಲ್ಲ ಈಗ. ಇದನ್ನ ನೋಡಿ!" ಎಂದು ರುದ್ರೇಶ ಒಂದು ಹಾಳೆ ಎತ್ತಿ ಹಿಡಿದು ಗಟ್ಟಿಯಾಗಿ ಓದಿದ. "'ಹುಡುಗ ಚಿನ್ನ. ತಾಯಿಯೂ ಒಳ್ಳೆಯವರು. ಸೋದರಮಾವ ರುದ್ರೇಶನ ಬಾಯಿ ಮಾತ್ರ ಬೊಂಬಾಯಿ. ಗುಟ್ಟು ಹೇಳಕೂಡದು.' ಇದು ನಾನಾ? ನಾನಾ ಮೇಷ್ಟ್ರೇ? ಅದೂ ಮೂರ್ ಮೂರ್ ಕಾಪಿ!"

ನಾನು ಒತ್ತಿದ್ದೂ ಮೂರು ಸಲವೇ. ಲೆಕ್ಕ ಸರಿಯಾಗಿತ್ತು.

ಸಹನಾ ನನ್ನತ್ತ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಳು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ನಗು, ಜಂಭ ಎಲ್ಲ ಇಳಿದುಹೋಯಿತು. ಮಗಳ ಬದುಕನ್ನು ಹೆಬ್ಬೆರಳಿನಷ್ಟು ತುಂಡಿಗೆ ಕಟ್ಟಿದೆನಲ್ಲ ಎಂದು ಸಂಕಟವಾಯಿತು.

"ರುದ್ರೇಶಪ್ಪ, ಇದನ್ನ ಗುಬ್ಬಿಗೆ ಮಾತ್ರ..." ಎಂದು ಶುರುಮಾಡಿದೆ.

"ಆಗ್ಲೇ ಫೋಟೋ ಹೊಡ್ದು ಅಕ್ಕಂಗೆ ವಾಟ್ಸಾಪ್ ಮಾಡಿದೀನಿ!" ಎಂದ ರುದ್ರೇಶ. ಷರಾ ಇಷ್ಟು ಬೇಗ ರುಜುವಾತಾಗುತ್ತದೆ ಎಂದು ಮಾವನೂ ಎಣಿಸಿರಲಿಲ್ಲ.

ಅವನ ಫೋನ್ ಬಡಿದುಕೊಂಡಿತು. ಹುಡುಗನ ತಾಯಿ. ರುದ್ರೇಶ ನಮ್ಮೆಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

"ಅಕ್ಕಾ, ನೋಡ್ದಾ? ನನ್ ಮಾನ ಕಳೆದವ್ರೆ!"

ಆ ಕಡೆಯಿಂದ ಮೊದಲು ಕೇಳಿದ್ದು ನಗು. "ಲೋ ರುದ್ರ, ಅದ್ರಲ್ಲಿ ಯಾವ್ದು ಸುಳ್ಳು ಹೇಳ್ಲಾ? ನನ್ ಮದ್ವೆ ನಿಕ್ಕಿಯಾಗೋಕ್ ಮುಂಚೆ ಸಂತೇಲೆಲ್ಲಾ ಸಾರ್‍ಕಂಡ್ ಬಂದಿದ್ದೋನು ನೀನು. ಮೇಷ್ಟ್ರೇ, ಕೇಳುಸ್ತದಾ? ಮಗೂ ಎದುರ್ಗಿಲ್ದೇ ಇದ್ದಾಗ್ಲೂ ಅದನ್ನ ಚಿನ್ನ ಅಂದಿದೀರಿ. ಎದುರ್ಗೆ ಯಾರಾದ್ರೂ ಅಂತಾರೆ. ಈ ಮನೆ ಹೆಣ್ಣೇ ಬೇಕು ನಮಗೆ. ಗುರುವಾರ ಬತ್ತೀವಿ."

ಸಹನಾ ಕಿಟಕಿಯಿಂದ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು. ನಾನು ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡು, "ನೋಡಿದಿರಾ? ವೈಫೈ ಇಲ್ಲದಿದ್ದರೆ ಈ ಮಾತು ಇಷ್ಟು ಬೇಗ ಗುಬ್ಬಿ ತಲುಪುತ್ತಿತ್ತೇ?" ಎಂದೆ.

ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ. ಗಿರಿಜೆ ಹಾಳೆಗಳ ಕಟ್ಟಿನ ತಳದಿಂದ ಒಂದನ್ನು ಎಳೆದು ಓದುತ್ತಿದ್ದಳು. ಅದು ನಮ್ಮಿಬ್ಬರ ಜಾತಕ. ಮಾವ ಆ ಮಿಷಿನ್ನಿನಲ್ಲಿ ಮೊಟ್ಟಮೊದಲು ಕೂಡಿಸಿದ್ದು.

"ಏನಂತೆ ಷರಾ?" ಎಂದೆ ಹಲ್ಲು ಕಿರಿಯುತ್ತಾ.

ಅವಳು ನಿಧಾನವಾಗಿ ಓದಿದಳು. "'ಹುಡುಗನಿಗೆ ಎಲ್ಲ ಗೊತ್ತಿದೆ ಎಂಬ ಭ್ರಮೆ. ಮುಟ್ಟಿದ್ದನ್ನು ಕೆಡಿಸುತ್ತಾನೆ. ಮನಸ್ಸು ಒಳ್ಳೆಯದು. ಗಿರಿಜೆ ಗಟ್ಟಿಗಿತ್ತಿ, ಸಂಭಾಳಿಸುತ್ತಾಳೆ.'"

ಮಾವ ಕಿಟಕಿಯಾಚೆ ಏನೋ ಮುಖ್ಯವಾದದ್ದನ್ನು ನೋಡತೊಡಗಿದರು. ರುದ್ರೇಶನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನೆಮ್ಮದಿ ಕಂಡಿತು. "ಇದ್ನೂ ಮೂರ್ ಕಾಪಿ ತೆಗೀತೀನಿ ಸಾರ್, ಒಂದು ನಾನಿಟ್ಕತೀನಿ," ಎಂದ.

ಹಳೆಯ ಫ್ಲಾಪಿಯಲ್ಲೇ ಇದ್ದಿದ್ದರೆ ಆ ಷರಾವನ್ನು ಈ ಮಳೆಗಾಲದ ಬೂಷ್ಟು ತಿಂದು ಮುಗಿಸುತ್ತಿತ್ತು. ಒಂದಕ್ಷರವೂ ಹಾಳಾಗದಂತೆ ಒರೆಸಿ, ಇಳಿಸಿ, ನೂರು ವರ್ಷಕ್ಕೆ ಕಾಪಾಡಿದವನು ನಾನೇ! ನಾನು ಮುಟ್ಟಿಯೂ ಕೆಡದೆ ಉಳಿದದ್ದು ಇಡೀ ಜನ್ಮದಲ್ಲಿ ಅದೊಂದೇ.