ಬಾಜಾ ಊದುತ್ತಿದ್ದ ಮೋಟಾರ್ ಸೈಕಲ್ಲು

ಬಿಚ್ಚುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಗಡಿಯಾರ, ಕೊಡೆ, ಸ್ಟವ್ವು, ಹೊಲಿಗೆ ಯಂತ್ರ, ಏನನ್ನೇ ಕೊಡಿ, ನೀವು ಒಂದು ಕಪ್ ಚಹಾ ಕುಡಿದು ಮುಗಿಸುವುದರೊಳಗೆ ಬಿಚ್ಚಿ ಚಾಪೆಯ ಮೇಲೆ ಹರವಿಬಿಡುತ್ತೇನೆ. ಜೋಡಿಸುವುದು ಬೇರೆಯೇ ಒಂದು ವಿದ್ಯೆ ಎಂದು ತಿಳಿಯಲು ಮಾತ್ರ ನನಗೆ ಮದುವೆಯಾಗಬೇಕಾಯಿತು. ಧಾರವಾಡದ ಮನೆಯಲ್ಲಿ ನಾನು ಬಿಚ್ಚಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದರು. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ಅಟ್ಟವೂ ಇರಲಿಲ್ಲ, ನನ್ನ ಹೆಂಡತಿ ಸರೋಜಾ ಸುಮ್ಮನಾಗುವವಳೂ ಅಲ್ಲ.

ಆಗ ನಾನು ಪರೇಲಿನ ಒಂದು ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿಯ ಗೋದಾಮಿನ ಹಿಂದೆ, ನಾನು ಕೆಲಸಕ್ಕೆ ಸೇರುವ ಎಷ್ಟೋ ಮೊದಲಿನಿಂದ, ಒಂದು ಇಂಗ್ಲಿಷ್ ಮೋಟಾರ್ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಮಹಾಯುದ್ಧದ ಕಾಲದಲ್ಲಿ ಯಾವನೋ ಬಿಳಿಯ ಸಿಪಾಯಿ ಓಡಿಸಿದ್ದಂತೆ. ಹೋಗುವಾಗ ಅವನು ದೇಶವನ್ನು ನಮಗೆ ಬಿಟ್ಟುಕೊಟ್ಟ ಹಾಗೆ ಇದನ್ನೂ ಬಿಟ್ಟುಹೋಗಿರಬೇಕು. ಎರಡನ್ನೂ ರಿಪೇರಿ ಮಾಡದೆ ಬಿಟ್ಟಿದ್ದ. ಅದರ ಸೀಟಿನ ಕೆಳಗೆ ಪ್ರತಿ ವರ್ಷ ಒಂದು ಬೆಕ್ಕು ಮರಿ ಹಾಕುತ್ತಿತ್ತು. ಒಂದು ದಿನ ಮ್ಯಾನೇಜರರು, "ಯಾರಾದರೂ ಈ ಕಚರಾ ಎತ್ತಿಕೊಂಡು ಹೋಗಿ, ಪುಣ್ಯ ಬರುತ್ತದೆ" ಎಂದರು. ಪುಣ್ಯ ಎಂದರೆ ನನಗೆ ಮೊದಲಿನಿಂದಲೂ ಆಸೆ. ಕೈಗಾಡಿಯ ಮೇಲೆ ಹೇರಿಸಿಕೊಂಡು ಮನೆಗೆ ತಂದೆ. ಕೆಳಗಿಳಿಸುವಾಗ ನೋಡಿದರೆ ಬೆಕ್ಕೂ ಜೊತೆಗೇ ಬಂದಿತ್ತು.

ಸೊಸೈಟಿಯ ಸೆಕ್ರೆಟರಿ ಮರಾಠಿ ಮನುಷ್ಯ, ಶಿಸ್ತಿನವರು. ಕಾಂಪೌಂಡಿನಲ್ಲಿ ಮೋಟಾರ್ ಸೈಕಲ್ಲು ನಿಲ್ಲಿಸಬಹುದು, ಆದರೆ ಅಲ್ಲಿ ಬಿಚ್ಚಕೂಡದು ಎಂದರು. ಆದ್ದರಿಂದ ಕೆಳಗೆ ಒಂದೊಂದೇ ಭಾಗ ಸಡಿಲ ಮಾಡುವುದು, ಅದನ್ನು ಬಿಚ್ಚಿದ್ದಲ್ಲ ತಾನಾಗಿ ಬಿದ್ದದ್ದು ಎಂಬಂತೆ ಎತ್ತಿಕೊಂಡು ಮೇಲೆ ಹೋಗುವುದು, ಹೀಗೆ ನಡೆಯಿತು. ಕೆಳಗೆ ಅಸ್ಥಿಪಂಜರ ಉಳಿಯಿತು. ಉಳಿದದ್ದೆಲ್ಲ ನಮ್ಮ ಮನೆಯೊಳಗೆ ಸೇರಿತು. ದೇವರ ಕಟ್ಟೆಯ ಪಕ್ಕದಲ್ಲಿ ಗೇರುಗಳು, ಬಾಲ್ಕನಿಯಲ್ಲಿ ಪೆಟ್ರೋಲ್ ಟ್ಯಾಂಕು, ಉಪ್ಪಿನಕಾಯಿ ಭರಣಿಯ ಮಗ್ಗುಲಲ್ಲಿ ಹೆಡ್‌ಲೈಟು. ತುಕ್ಕು ಬಿಡಿಸಲು ರೇಶನ್ನಿನ ಘಾಸಲೇಟ್, ಅಂದರೆ ಸೀಮೆಎಣ್ಣೆ, ಬಳಸಿದ ದಿನ ಸರೋಜಾ ಖಾಲಿ ಡಬ್ಬಿ ತಂದು ನನ್ನ ಮುಂದೆ ಇಟ್ಟಳು.

"ಸ್ಟವ್ವಿಗೆ ಎಣ್ಣಿ ಇಲ್ಲ. ಇವತ್ತು ಅಡಿಗಿ ನಿಮ್ಮ ಪಿಸ್ಟನ್ ಮ್ಯಾಲೆ ಮಾಡ್ಲೇನು?"

ಅದೇ ಹೊತ್ತಿಗೆ ನನ್ನ ಮಾವನವರು ಬೆಳಗಾವಿಯಿಂದ ಬಂದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ತಮ್ಮ, ಅಂದರೆ ಸರೋಜಾಳ ಕಾಕಾ, ಆಂಟಾಪ್ ಹಿಲ್‌ನ ಕಾಲೊನಿಯಲ್ಲಿದ್ದರು. ಕಾಕಾನ ಮಗಳು ಮಾಲತಿಯ ಮದುವೆ ಹತ್ತಿರ ಬಂದಿತ್ತು. ಮಾವನವರು ಒಳಗೆ ಕಾಲಿಟ್ಟವರೇ ಚಾಪೆಯ ಮೇಲಿನ ಭಾಗಗಳನ್ನು ಕನ್ನಡಕ ಏರಿಸಿ ನೋಡಿದರು. "ಇದು ಯಾವ ಅಪಘಾತದ ಮುದ್ದೇಮಾಲು, ಅಳಿಯಂದ್ರ?" ಎಂದು ಕೇಳಿದರು.

"ಅಪ್ಪಾ, ಇವರು ಬಿಚ್ಚಿದ್ದು ಇವತ್ತಿನ ತನಕ ಒಂದೂ ಕೂಡಿಲ್ಲ" ಎಂದಳು ಸರೋಜಾ.

ಹೆಂಡತಿ ಸುಳ್ಳು ಹೇಳಿದರೆ ಗಂಡಸಾದವನು ನಕ್ಕು ಸುಮ್ಮನಿರಬಹುದು. ತನ್ನ ತಂದೆಯ ಎದುರಿಗೆ ನಿಜ ಹೇಳಿದರೆ ಏನು ಮಾಡುವುದು? ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಎತ್ತಿ, "ಮಾಲತಿ ಮದುವಿಗೆ ನಾವು ಇದರ ಮ್ಯಾಲೇ ಹೋಗೋದು" ಎಂದು ಪ್ರತಿಜ್ಞೆ ಮಾಡಿದೆ.

ಮಾತು ಬಾಯಿಂದ ಬಿದ್ದ ಮೇಲೆ ದಸ್ತಗೀರ್ ಸಾಹೇಬರ ನೆನಪಾಯಿತು. ವಿಜಾಪುರದ ಕಡೆಯವರು. ನಮ್ಮ ಮಿಲ್ಲಿನ ಎದುರಿನ ಗಲ್ಲಿಯಲ್ಲಿ ಅವರದೊಂದು ಪುಟ್ಟ ಅಂಗಡಿ. ಮದುವೆ ಬ್ಯಾಂಡಿನವರ ಹಿತ್ತಾಳೆ ವಾದ್ಯಗಳನ್ನು ರಿಪೇರಿ ಮಾಡುವುದು ಅವರ ಕಸುಬು. ಇಷ್ಟು ಕೇಳಿದರೆ ಬುದ್ಧಿಯಿದ್ದವರು ಮುಂದೆ ಹೋಗುವುದಿಲ್ಲ. ನಾನು ಹೋದೆ. ಇಡೀ ಪರೇಲಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ರಿಪೇರಿಯವರು ಅವರೊಬ್ಬರೇ ಎಂಬುದು ನನಗೆ ಸಾಕಷ್ಟು ದೊಡ್ಡ ಅರ್ಹತೆಯಾಗಿ ಕಂಡಿತ್ತು.

"ಮೋಟಾರ್ ಸೈಕಲ್ ಎಂದಾದ್ರೂ ಮಾಡೀರೇನ್ರಿ?" ಎಂದು ಕೇಳಿದೆ.

"ಫಿಕರ್ ನಕ್ಕೊ, ರಾಯರ" ಎಂದರು ಅವರು. "ಬಾಜಾ ಅಂದ್ರ ಏನು? ಒಂದು ಕಡೆ ಉಸುರು ಒಳಗ ಹೋಗತೈತಿ, ಇನ್ನೊಂದು ಕಡೆ ಹೊರಗ ಬರತೈತಿ. ಅಂಜಿನ್ ಅಂದ್ರ ಏನು? ಅದೂ ಹಂಗ. ನಡುವ ಸ್ವಲ್ಪ ಬೆಂಕಿ ಐತಿ, ಅಷ್ಟ."

ಭಾನುವಾರಗಳಂದು ಅವರು ಬಂದು ಕೂತರು. ಮಾವನವರು ಕುರ್ಚಿ ಹಾಕಿಕೊಂಡು ಇಬ್ಬರಿಂದಲೂ ಸಾಕ್ಷಿ ತೆಗೆದುಕೊಳ್ಳುತ್ತಿದ್ದರು. ಇದು ಎಲ್ಲಿಯದು, ಆವಾಗ ಎಲ್ಲಿತ್ತು, ಈಗ ಯಾಕೆ ಹಿಡಿಸುವುದಿಲ್ಲ? ಎಲ್ಲಿಗೂ ಹಿಡಿಸದ ಭಾಗಗಳನ್ನು ದಸ್ತಗೀರ್ ಸಾಹೇಬರು ಮೆಲ್ಲಗೆ ಬದಿಗೆ ಸರಿಸಿ, "ಇದು ಇಂಗ್ಲೆಂಡಿನ ಹವಾಕ್ಕ ಬೇಕು, ಬಾಂಬೇಕ್ಕ ಬ್ಯಾಡ" ಎನ್ನುತ್ತಿದ್ದರು. ತುಕ್ಕು ತಿಂದು ಹೋಗಿದ್ದಕ್ಕೆಲ್ಲ ತಮ್ಮ ಅಂಗಡಿಯ ಸಾಮಾನೇ ತಂದರು. ಹಿಂದಿನ ಮಡ್‌ಗಾರ್ಡು ಒಂದು ಒಡೆದ ಢೋಲಿನ ಕವಚದಿಂದಾಯಿತು. ಹ್ಯಾಂಡಲ್ಲನ್ನು ಹಿತ್ತಾಳೆಯ ಕೊಳವೆ ಬಗ್ಗಿಸಿ ಮಾಡಿದರು. ಸೈಲೆನ್ಸರಿನ ಜಾಗಕ್ಕೆ, ಯಾವುದೋ ಬ್ಯಾಂಡಿನವರು ರಿಪೇರಿಗೆ ಕೊಟ್ಟು ಮರಳಿ ಬಾರದೆ ಹೋದ, ಮಗುವನ್ನು ಒಳಗೆ ಕೂರಿಸಬಹುದಾದಷ್ಟು ದೊಡ್ಡ ಬಾಯಿಯ ಬಾಜಾ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಮೋಟಾರ್ ಸೈಕಲ್ಲು ದೀಪಾವಳಿಯ ಹಂಡೆಯಂತೆ ಹೊಳೆಯಿತು. ನಾನು ಕಂಡ ಅತ್ಯಂತ ಸುಂದರ ವಸ್ತು ಅದು ಎಂದು ಸರೋಜಾಳ ಎದುರಿಗೇ ಹೇಳಿ ಒಂದು ವಾರ ಅನುಭವಿಸಿದೆ.

ಮೊದಲ ಸಲ ಚಾಲೂ ಮಾಡಿದ್ದು ಬೆಳಗಿನ ಹೊತ್ತು. ಕಿಕ್ ಹೊಡೆದು ನನ್ನ ಕಾಲು ಸೋತಿತು, ದಸ್ತಗೀರ್ ಸಾಹೇಬರ ಕಾಲೂ ಸೋತಿತು. ಕೊನೆಗೆ ಬಿಲ್ಡಿಂಗಿನ ಗಂಡಸರೆಲ್ಲ ಸೇರಿ ನೂಕಿದರು. ಎಂಜಿನ್ನು ಒಮ್ಮೆ ಕೆಮ್ಮಿತು. ಆಮೇಲೆ ಬಾಜಾ ಬಾಯಿ ತೆರೆಯಿತು. ಪೋಂ ಪೋಂ ಪೋಂ ಎಂದು ಮದುವೆ ಬ್ಯಾಂಡಿನ ದನಿ, ಒಳ್ಳೆಯ ತಾಳದಲ್ಲಿ, ಇಡೀ ಓಣಿಗೆ ಕೇಳುವಂತೆ. ಆಕ್ಸಿಲರೇಟರ್ ತಿರುಗಿಸಿದರೆ ಶ್ರುತಿಯೂ ಏರುತ್ತಿತ್ತು, ತಾಳವೂ ಚುರುಕಾಗುತ್ತಿತ್ತು. ಸೆಕ್ರೆಟರಿಯವರ ಹೆಂಡತಿ ಬಾಲ್ಕನಿಗೆ ಓಡಿಬಂದು, "ಕುಣಾಚ ಲಗ್ನ ಆಹೇ?" ಎಂದು ಯಾರ ಮದುವೆಯೆಂದು ವಿಚಾರಿಸಿದರು. ದಸ್ತಗೀರ್ ಸಾಹೇಬರ ಕಣ್ಣಲ್ಲಿ ನೀರು. "ಸುರ್ ನೋಡ್ರಿ ರಾಯರ, ಸುರ್!" ಎಂದರು. ಒಂದೇ ತೊಂದರೆ. ನಿಂತರೆ ಮತ್ತೆ ಚಾಲೂ ಆಗಬೇಕಾದರೆ ಅಷ್ಟೂ ಗಂಡಸರು ಬೇಕು.

ಮದುವೆಯ ದಿನ ಸರೋಜಾ, "ನನಗ ಮುಹೂರ್ತಕ್ಕ ಮುಟ್ಟಬೇಕಾಗೇದ" ಎಂದು ಹೇಳಿ ಲೋಕಲ್ ಹಿಡಿದು ಮುಂದೆ ಹೋದಳು. ಮಾವನವರು ಮಾತ್ರ ಲೋಕಲ್ಲಿನ ನೂಕುನುಗ್ಗಲಿಗೆ ಹೆದರಿ, ರುಮಾಲು ಸುತ್ತಿ, ಕರೀ ಕೋಟು ತೊಟ್ಟು ನನ್ನ ಹಿಂದೆ ಕೂತರು. ಬಿಲ್ಡಿಂಗಿನವರು ನೂಕಿ ಬೀಳ್ಕೊಟ್ಟರು. ಮಾಹಿಮಿನಲ್ಲಿ ಪೋಲೀಸಿನವನು ನಮ್ಮ ದನಿ ಕೇಳಿ, ಹಿಂದೆ ಮೆರವಣಿಗೆ ಬರುತ್ತಿದೆಯೆಂದು ತಿಳಿದು ಉಳಿದ ಗಾಡಿಗಳನ್ನೆಲ್ಲ ತಡೆದು ನಿಲ್ಲಿಸಿದ. ನಾವು ಹೋದ ಮೇಲೂ ಬರಲಿರುವ ಮದುಮಗನಿಗಾಗಿ ಕಾಯುತ್ತ ಕೈ ಚಾಚಿಕೊಂಡೇ ನಿಂತಿದ್ದ. ಸಾಯನ್ನಿನಲ್ಲಿ ಯಾರೋ ಮುದುಕಿ ಮಾವನವರಿಗೆ ದೃಷ್ಟಿ ತೆಗೆದಳು. ಅವರು ಗಂಭೀರವಾಗಿ ಕೈ ಮುಗಿದರು.

ಆಂಟಾಪ್ ಹಿಲ್ ಕಾಲೊನಿಯ ತಿರುವಿನಲ್ಲಿ, ಪೆಂಡಾಲಿನ ಕಡೆಗೇ ಹೊರಟಿದ್ದ ಮದುಮಗನ ಮೆರವಣಿಗೆ ನಮ್ಮ ಮುಂದೆ ಸಿಕ್ಕಿತು. ಬಿಳಿ ಕುದುರೆಯ ಮೇಲೆ ಬಾಸಿಂಗ ಕಟ್ಟಿಕೊಂಡ ಹುಡುಗ, ಮುಂದೆ ಬ್ಯಾಂಡು, ಹಿಂದೆ ಬೀಗರು. ನಾನು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಮುಂದೆ ಹೋದೆ. ಹೋದವನಿಗೆ ಹಿಂದಿನಿಂದ ಗೊರಸಿನ ಸಪ್ಪಳ ಕೇಳಿಸಿತು.

ನೋಡಿ, ಮದುವೆ ಕುದುರೆಗಳು ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕಲು ಕಲಿತಿರುತ್ತವೆ. ಅದರ ಮುಂದಿದ್ದ ಬ್ಯಾಂಡಿನ ದನಿಗಿಂತ ನನ್ನ ಬಾಜಾದ ದನಿ ಜೋರಾಗಿತ್ತು. ಪಾಪ, ಅದು ಬೆದರಿ ಓಡಿದ್ದಲ್ಲ, ಶಿಸ್ತಿನಿಂದ ನನ್ನ ಹಿಂದೆ ಬಂದದ್ದು. ಲಗಾಮು ಹಿಡಿದವನ ಕೈಯಲ್ಲಿ ಬರೀ ಗೊಂಡೆ ಉಳಿಯಿತು. ಕುದುರೆ ಹತ್ತಿರ ಬಂತೆಂದು ನಾನು ಆಕ್ಸಿಲರೇಟರ್ ತಿರುಗಿಸಿದೆ. ತಾಳ ಚುರುಕಾಯಿತು, ಕುದುರೆಯೂ ಚುರುಕಾಯಿತು. ಇನ್ನಷ್ಟು ತಿರುಗಿಸಿದೆ. ಕುದುರೆ ನಾಗಾಲೋಟಕ್ಕೆ ಬಂತು. ಮದುಮಗ ಅದರ ಕುತ್ತಿಗೆಯನ್ನು ತಬ್ಬಿಕೊಂಡು, "ಅರೇ ಕೋಯಿ ರೋಕೋ! ಯಾರಾದ್ರೂ ನಿಲ್ಲಿಸಿ!" ಎಂದು ಬರುವ ಭಾಷೆಗಳಲ್ಲೆಲ್ಲ ಕೂಗುತ್ತಿದ್ದ. ಪೆಂಡಾಲಿನ ಮುಂದೆ ಆರತಿ ಹಿಡಿದು ನಿಂತ ಹೆಂಗಸರ ಎದುರಿನಿಂದ ನಾನು ಹಾದುಹೋದೆ. ಮದುಮಗನೂ ಹಾದುಹೋದ. ಮೈದಾನಕ್ಕೆ ಒಂದು ಸುತ್ತು ಹಾಕಿ ಮತ್ತೆ ಅದೇ ಪೆಂಡಾಲಿನ ಮುಂದೆ ಬಂದೆವು. ಸರೋಜಾ ಆರತಿ ತಟ್ಟೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟು ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಕಾಕಾ, "ನನ್ನ ಅಳಿಯನ್ನ ಎಲ್ಲಿಗೆ ಒಯ್ತೀಯೋ!" ಎಂದು ಧೋತರ ಎತ್ತಿ ಹಿಡಿದು ಓಡಿಬರುತ್ತಿದ್ದರು.

"ನಿಲ್ಲಸ್ರಿ, ಅಳಿಯಂದ್ರ!" ಎಂದು ಮಾವನವರು ನನ್ನ ಕಿವಿಯಲ್ಲಿ ಅರಚಿದರು.

"ನಿಂತ್ರ ಮತ್ತ ಚಾಲೂ ಆಗೂದಿಲ್ಲ, ಮಾವನವರ!"

"ಚಾಲೂ ಆಗೂದು ಯಾರಿಗೆ ಬೇಕಾಗೇದ?"

ನಿಜ ಹೇಳುತ್ತೇನೆ, ಈ ಪ್ರಶ್ನೆಯನ್ನು ನಾನು ಅದುವರೆಗೂ ಕೇಳಿಕೊಂಡಿರಲಿಲ್ಲ. ಪೆಂಡಾಲಿನ ಬಾಗಿಲು ಬಂತು. ಎಂಜಿನ್ ಬಂದ್ ಮಾಡಿದೆ. ಬಾಜಾ ನಿಂತಿತು, ಕುದುರೆ ನಿಂತಿತು, ಮದುಮಗ ಮಾತ್ರ ನಿಲ್ಲಲಿಲ್ಲ. ಕುದುರೆಯ ತಲೆಯ ಮೇಲಿಂದ ಜಾರಿ, ಓಡಿಬಂದ ಕಾಕಾನ ತೋಳಿಗೇ ಬಿದ್ದ. ಬಾಸಿಂಗ ಗದ್ದಕ್ಕೆ ಇಳಿದಿತ್ತು, ಮೈಗೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ ಬೀಗರೂ ಬ್ಯಾಂಡಿನವರೂ ಏದುಸಿರು ಬಿಡುತ್ತ ಬಂದರು. ಮದುಮಗನ ಸೋದರಮಾವ ಅಂಗಿಯ ತೋಳು ಮಡಿಸಿ, "ಯಾರಂವಾ? ಈ ಲಗ್ನ ನಡಿಯೂದಿಲ್ಲ!" ಎಂದು ಗುಡುಗಿದರು. ಒಳಗಿನಿಂದ ಮಾಲತಿ ಅಳುವುದು ಕೇಳಿಸಿತು. ಮದುಮಗನೇ ಸೋದರಮಾವನ ಕೈ ಹಿಡಿದುಕೊಂಡ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ತಡವರಿಸುತ್ತಿತ್ತು.

"ಮಾಮಾ, ಪ್ಲೀಸ್. ವಾಪಸ್ ಹೋದ್ರೆ ಘೋಡಾ ಮೇಲೆ ಕೂಡ್ಸ್ತಾರೆ. ನಂಗೆ ಘೋಡಾ ಬೇಡ. ಲಗ್ನ ಬೇಕು. ಅಭೀ!"

ಭಟ್ಟರು ಹೊರಗೆ ಬಂದು ಗಡಿಯಾರ ನೋಡಿದರು. ತಮ್ಮ ಜನ್ಮದಲ್ಲಿ ಮುಹೂರ್ತಕ್ಕಿಂತ ಮೊದಲೇ ಬಂದ ಮದುಮಗನನ್ನು ಇದೇ ಮೊದಲು ನೋಡುತ್ತಿರುವುದು, ಇದು ಬಹಳ ಶುಭ ಎಂದು ಸಾರಿದರು. ಮಾವನವರು ಕೋಟು ಸರಿಪಡಿಸಿಕೊಂಡು, "ಕೇಳಿದ್ರೆಲ್ಲ? ಇನ್ನ ವಾದ ಬ್ಯಾಡ" ಎಂದು ತೀರ್ಪು ಕೊಟ್ಟರು. ಮದುವೆ ನಡೆಯಿತು. ಊಟಕ್ಕೆ ಕೂತಾಗ ನನ್ನ ಎಲೆಗೆ ಹೋಳಿಗೆ ಬಡಿಸಲು ಯಾರೂ ಬರಲಿಲ್ಲ. ಕಡೆಗೆ ಮದುಮಗನೇ ತಂದು ಬಡಿಸಿದ.

ಮೋಟಾರ್ ಸೈಕಲ್ಲು ಮತ್ತೆ ಚಾಲೂ ಆಗಲಿಲ್ಲ. ಕಾಲೊನಿಯ ಗಂಡಸರಲ್ಲಿ ಒಬ್ಬನೂ ನೂಕಲು ಮುಂದಾಗಲಿಲ್ಲ. ಮರುವಾರ ದಸ್ತಗೀರ್ ಸಾಹೇಬರು ಬಂದು ಬಾಜಾ ಬಿಚ್ಚಿಕೊಂಡು ಹೋದರು. ಆ ಮೆರವಣಿಗೆಯ ಬ್ಯಾಂಡಿನವರಿಗೆ ಅದರ ದನಿ ಹಿಡಿಸಿತ್ತಂತೆ. ಉಳಿದದ್ದನ್ನು ಬಿಚ್ಚಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಈಗಲೂ ಮಾಲತಿಯ ಮನೆಗೆ ಹೋದರೆ ಅವಳು ಮದುವೆಯ ಆಲ್ಬಮ್ ತೆರೆಯುತ್ತಾಳೆ. ಮೊದಲ ಫೋಟೋದಲ್ಲಿ ಪೆಂಡಾಲಿನ ಬಾಗಿಲಿದೆ, ಕುದುರೆಯಿದೆ, ಗಾಳಿಯಲ್ಲಿ ಮದುಮಗನಿದ್ದಾನೆ. ಎಡಗಡೆ ಅರ್ಧ ಫೋಟೋ ಬರೀ ನನ್ನ ಬಾಜಾ ಕಾರಿದ ಬೆಳ್ಳಗಿನ ಹೊಗೆ. ನಮ್ಮ ಮಕ್ಕಳು "ಪಪ್ಪಾ ಎಲ್ಲಿದ್ದಾರೆ?" ಎಂದು ಹುಡುಕುತ್ತವೆ. ಸರೋಜಾ ಆ ಹೊಗೆಯ ಮೇಲೆ ಬೆರಳಿಟ್ಟು, "ಇಲ್ಲೆ ನೋಡ್ರಿ, ಇವರ ನಿಮ್ಮಪ್ಪ" ಎನ್ನುತ್ತಾಳೆ. ನಾನೂ ಬಗ್ಗಿ ನೋಡುತ್ತೇನೆ. ಬೇರೆ ಯಾವ ಫೋಟೋದಲ್ಲೂ ನಾನು ಇಷ್ಟು ಚೆನ್ನಾಗಿ ಬಂದಿಲ್ಲ.