ಔಷಧ ಕುಡಿದ ಕಂಬ

ಹುಡಗಿ ಎಂಬ ಊರಿನ ಹತ್ತಿರದ ಹಳ್ಳದ ಸೇತುವೆಯ ಕೆಳಗೆ ನಿಂತು ಗುರುಶಾಂತ ಆಡಿದ ಒಂದೇ ಒಂದು ಮಾತಿನಿಂದ ಅವನ ಇಡೀ ದಿನ ಕೆಟ್ಟಿತು. ಅವನು ಗುತ್ತಿಗೆದಾರರ ಕಡೆಯ ಎಂಜಿನಿಯರು. ಬೆಳಗ್ಗೆಯೇ ಬಸವಕಲ್ಯಾಣದಿಂದ ಬೈಕಿನಲ್ಲಿ ಬಂದಿದ್ದ. ಸೇತುವೆಯ ಬಿರುಕು ಬಿಟ್ಟ ಕಂಬಕ್ಕೆ ಡ್ರಿಲ್ ಮಷೀನಿನಿಂದ ಸಾಲಾಗಿ ತೂತು ಕೊರೆದು, ಸಣ್ಣ ನಳಿಕೆ ಸಿಕ್ಕಿಸಿ, ಅವುಗಳ ಮೂಲಕ ಅಂಟಿನಂಥ ದ್ರವ ತುಂಬಿಸುವ ಕೆಲಸ. ಸಂಜೆ ಹುಮನಾಬಾದಿನಿಂದ ಇಲಾಖೆಯ ಸಾಹೇಬರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಈ ಹಳ್ಳದಿಂದ ಬಿಡುಗಡೆ. ಇಲ್ಲವಾದರೆ ಮತ್ತೆ ಅದೇ ಕಂಬ, ಅದೇ ಸೊಳ್ಳೆ.

ಪಕ್ಕದ ಚಹಾ ಅಂಗಡಿಯ ಕಲ್ಲಿನಾಥ ಮೇಲಿನಿಂದ ಬಗ್ಗಿ, ಏನು ನಡೆಸಿದ್ದೀರೆಂದು ಕೇಳಿದ. ಬಿಡಿಸಿ ಹೇಳಲು ಪುರಸೊತ್ತಿರಲಿಲ್ಲ.

"ಕಂಬಕ್ಕ ಔಷಧ ಕೊಡಾಕತ್ತೇವ್ರಿ," ಅಂದುಬಿಟ್ಟ ಗುರುಶಾಂತ.

ಚಹಾದ ಜೊತೆ ಆ ಮಾತೂ ಹಂಚಿಹೋಯಿತು. ಮೊದಲ ಗಿರಾಕಿಯ ಬಾಯಲ್ಲಿ ಕಂಬಕ್ಕೆ ಸ್ವಲ್ಪ ಆರಾಮಿರಲಿಲ್ಲ, ಅಷ್ಟೇ. ಊರು ಮುಟ್ಟುವಷ್ಟರಲ್ಲಿ ಅದು ಈಗಲೋ ಆಗಲೋ ಅನ್ನುವಂತಾಗಿತ್ತು. ಬಸ್ಸಿನ ಡ್ರೈವರ್ ಸೇತುವೆಯ ಈಚೆಗೇ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದ. ಇಳಿದವರು ಸೇತುವೆ ದಾಟಲಿಲ್ಲ. ದವಾಖಾನೆಗೆ ರೋಗಿಯನ್ನು ನೋಡಲು ಹೋಗುವವರಂತೆ ಸೀದಾ ಹಳ್ಳಕ್ಕಿಳಿದರು.

ಪಂಚಾಯತಿ ಸದಸ್ಯೆ ಜಗದೇವಿ ಎಲ್ಲರನ್ನೂ ಸರಿಸಿ ಮುಂದೆ ಬಂದು ನಳಿಕೆಗಳನ್ನು ಹಿಡಿದೆಳೆದು ನೋಡಿದರು. ಎರಡು ಕಿತ್ತು ಕೈಗೇ ಬಂದವು. ಅವನ್ನು ಮತ್ತೆ ಕೂರಿಸುವಷ್ಟರಲ್ಲಿ ಕಲಸಿಟ್ಟಿದ್ದ ದ್ರವ ಬಕೆಟ್ಟಿನಲ್ಲೇ ಕಲ್ಲಾಗಿ, ಕಲಸುವ ಕೋಲು ಕುಲ್ಫಿಯ ಕಡ್ಡಿಯಂತೆ ನೆಟ್ಟಗೆ ನಿಂತಿತ್ತು. ಕೆಲಸಗಾರ ಅಜೀಮ್ ಬಕೆಟ್ಟು ಬೋರಲು ಹಾಕಿ ಬಡಿದರೂ ಬರಲಿಲ್ಲ. ಕಂಬಕ್ಕಿಂತ ಬಕೆಟ್ಟೇ ಗಟ್ಟಿಯಾಯಿತೆಂದು ಯಾರೋ ಅಂದರು. ಜನ ನಕ್ಕರು. ಗುರುಶಾಂತ ಹಲ್ಲು ಕಚ್ಚಿದ.

ಇವರು ಜಾಗ ಖಾಲಿ ಮಾಡದೆ ಕೆಲಸ ಸಾಗದು ಎಂದುಕೊಂಡು ಅವನು ಬಂಡೆಯ ಮೇಲೆ ಹತ್ತಿ ನಿಂತ. ದ್ರವ ಬಿರುಕಿನೊಳಗಿಳಿದು ಗಟ್ಟಿಯಾಗುತ್ತದೆ, ಕಂಬ ಮತ್ತೆ ಒಂದಾಗುತ್ತದೆ ಎಂದು ಗಂಟಲು ಹರಿಯುವಂತೆ ವಿವರಿಸಿದ. ಯಾರೂ ಕದಲಲಿಲ್ಲ.

"ಅಂದ್ರ ಬೀಳಂಗಿಲ್ಲ ಅಂತ ಗ್ಯಾರಂಟಿ ಕೊಡ್ತೀರೇನ್ರಿ?" ಜಗದೇವಿ ಕೇಳಿದರು.

"ಬೀಳೂದು ದೂರ ಉಳೀತ್ರಿ ಅಕ್ಕೋರ. ಇನ್ನ ಇದಕ್ಕ ಯಾರು ಏನ್ ಮಾಡಿದ್ರೂ ಏನೂ ಆಗಂಗಿಲ್ಲ. ಅಷ್ಟು ಮಜಬೂತ್ ಆಗ್ತದ."

ಜಗದೇವಿಯವರ ಮುಖ ಅರಳಿತು. ಅವರು ಕಲ್ಲಿನಾಥನ ಕಿವಿಯಲ್ಲಿ ಏನೋ ಹೇಳಿ ಎಲ್ಲರನ್ನೂ ಮೇಲಕ್ಕೆ ಹೊರಡಿಸಿದರು. ಗುರುಶಾಂತ ಹೊಸದಾಗಿ ದ್ರವ ಕಲಸಿ, ತುಂಬಿಸಿ, ಕಂಬದ ಮೈಯನ್ನು ನುಣ್ಣಗೆ ತೀಡಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು. ಸಾಮಾನು ಅಲ್ಲೇ ಬಿಟ್ಟು, ಅಜೀಮನನ್ನೂ ಕರೆದುಕೊಂಡು ರೊಟ್ಟಿ ತಿನ್ನಲು ಊರೊಳಗೆ ಹೋದ.

ಮರಳಿ ಬಂದಾಗ ಸಾಹೇಬರ ಜೀಪು ಆಗಲೇ ನಿಂತಿತ್ತು. ಹಳ್ಳಕ್ಕಿಳಿಯುತ್ತಲೇ ಜಗದೇವಿ ಎದುರು ಬಂದು ಅವನಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ಬೆಳಗ್ಗಿನಿಂದ ಗಂಟಿಕ್ಕಿದ್ದ ಅವನ ಹುಬ್ಬು ಆಗ ಸಡಿಲವಾಯಿತು. ಪಾಪ, ಒಳ್ಳೆಯ ಜನ ಅನ್ನಿಸಿತು.

ಫೋಟೋಕ್ಕೆಂದು ಅವನನ್ನು ಕಂಬದ ಕಡೆ ತಿರುಗಿಸಿದರು. ಅಲ್ಲಿ, ಕಬ್ಬಿಣದ ಚೌಕಟ್ಟಿನ ಬೋರ್ಡಿನಲ್ಲಿ, 'ಸೇತುವೆ ಉಳಿಸಿದ ಗುರುಶಾಂತ ಸಾಹೇಬರಿಗೆ ಹಾರ್ದಿಕ ಅಭಿನಂದನೆಗಳು' ಎಂದಿತ್ತು. ನಾಲ್ಕೂ ಮೂಲೆಗೆ ಹೆಬ್ಬೆರಳು ಗಾತ್ರದ ಬೋಲ್ಟು ಬಿಗಿದಿದ್ದರು. ಅದರ ಕೆಳಗೆ ಕಾಂಕ್ರೀಟು ರಾಶಿಯಾಗಿ ಉದುರಿ, ಒಳಗಿನ ಸರಳು ಹೊರಗೆ ಇಣುಕುತ್ತಿತ್ತು.

"ಭಾಳ ಮಜಬೂತ್ ಮಾಡೀರಿ ಸಾಹೇಬ್ರ," ಎಂದ ಕಲ್ಲಿನಾಥ. "ಮೊಳಿ ಬಿಲ್ಕುಲ್ ಇಳೀಲಿಲ್ಲ. ಕಡೀಕ ನಿಮ್ಮ ಮಷೀನ್‌ಲೇನ ತೂತು ಹಾಕಬೇಕಾತು."

ಹುಮನಾಬಾದಿನ ಸಾಹೇಬರು ಕಂಬವನ್ನು ನೋಡಿದರು, ಶಾಲು ಹೊದ್ದವನನ್ನು ನೋಡಿದರು. ನಾಳೆ ಬೆಳಗ್ಗೆಯೇ ಬಂದು ಇಡೀ ಕೆಲಸ ಮೊದಲಿನಿಂದ ಶುರು ಮಾಡಬೇಕೆಂದು ತಣ್ಣಗೆ ಹೇಳಿದರು.

ಹಿಂದೆ ನಿಂತವರಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಜೋರಾಗಿ ಚಪ್ಪಾಳೆ ತಟ್ಟಿದರು.